ನಮ್ಮ ಶೆಲ್ಫಿನಲ್ಲಿ ಮಡಕೆ ಮಾಡಿದ ಕುಂಬಾರ ಹುಳದವರಿಗೆ

ಗೆ,
ಮಾನ್ಯ ಕುಂಬಾರ ಹುಳದವರು,
ಬಾಲ್ಕನಿ ಬಾಗಿಲ ಪಕ್ಕದ ಶೆಲ್ಫು, ಎರಡನೆಯ ಹಲಗೆ, ಬಲತುದಿ.
(ಹಾಲಿ ವಿಳಾಸ: ನನ್ನ ಸೆಟ್ ಸ್ಕ್ವೇರು)

ವಿಷಯ: ತಮ್ಮ ಕೈಚಳಕದಿಂದ ನನ್ನ ಸಂಸಾರಕ್ಕೆ ಒದಗಿದ ಹಾನಿ ಮತ್ತು ಅದರ ಪರಿಹಾರ.

ಮಾನ್ಯರೇ,

ತಮ್ಮ ರೆಕ್ಕೆಗಳಿಗೂ, ಮೀಸೆಗಳಿಗೂ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣದಾದ ಆ ಸೊಂಟಕ್ಕೂ ನನ್ನ ಅನಂತ ನಮಸ್ಕಾರಗಳು. ಕೆಲಸದ ಭರಾಟೆಯಲ್ಲಿ ಬಾಲ್ಕನಿಗೂ ನನ್ನ ಮೇಜಿಗೂ ಎಡೆಬಿಡದೆ ಓಡಾಡುತ್ತಿರುವ ತಮ್ಮ ಬಳಿ ಪತ್ರ ಓದಲು ಬಿಡುವು ಕೇಳುವುದು ಉದ್ಧಟತನವೆಂದು ಬಲ್ಲೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕ್ಷಮೆ ಇರಲಿ. ಮೊದಲು ಖಾಸಗಿಯಾಗಿಯೇ ಒಂದು ಚೀಟಿ ಬರೆದು ಶೆಲ್ಫಿನ ಮೇಲಿಟ್ಟಿದ್ದೆ. ನನ್ನ ಮಗಳು ಅದನ್ನು ಕಾಗದದ ಹೂವು ಮಾಡಿ ದೀಪದ ಬುರುಡೆಗೆ ಅಂಟಿಸಿಬಿಟ್ಟಳು. ನಮ್ಮ ಮನೆಯಲ್ಲೀಗ ಎರಡು ನಿಮಿಷ ಸುಮ್ಮನೆ ಬಿದ್ದಿದ್ದ ಯಾವ ವಸ್ತುವೂ ತನ್ನ ಹಳೆಯ ರೂಪದಲ್ಲಿ ಉಳಿಯುವುದಿಲ್ಲ.

ತಮ್ಮನ್ನು ಹೇಗೆ ಸಂಬೋಧಿಸಬೇಕೆಂಬ ಬಗ್ಗೆಯೂ ಮನೆಯಲ್ಲಿ ಚರ್ಚೆಯಾಯಿತು. ತಮ್ಮ ಪೈಕಿ ಮಡಕೆ ಮಾಡುವವರು ಹೆಂಗಸರು ಮಾತ್ರ ಎಂದು ಮಗಳು ಶಾಲೆಯ ಲೈಬ್ರರಿಯಿಂದ ತಂದ ಪುಸ್ತಕ ಹೇಳುತ್ತದೆ. ಯಜಮಾನರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಎಂಬ ಬಗ್ಗೆ ಪುಸ್ತಕ ಮೌನವಾಗಿದೆ. ನಮ್ಮ ಅತ್ತೆಯವರ ಅಂದಾಜಿನ ಪ್ರಕಾರ ಅವರೂ ಎಲ್ಲೋ ನಿಂತು ತಪ್ಪು ಮಡಕೆಯನ್ನು ಹೊಗಳುತ್ತಿರಬೇಕು. ಈ ಮಾತಿನ ಹಿಂದಿನ ಚುಚ್ಚು ತಮಗೆ ಅರ್ಥವಾಗಬೇಕಾದರೆ ನಾನು ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನೆಲದಡಿಯ ಕೊಳವೆಗಳ ನಕ್ಷೆ ಬರೆಯುವವನು. ಕಚೇರಿಗೆ ಕಂಪ್ಯೂಟರು ಬಂದು ಬಹಳ ಕಾಲವಾಯಿತು, ಆದರೆ ಅಜ್ಜಂದಿರ ಕಾಲದ ಕೊಳವೆಗಳು ಅದರ ಮಾತು ಕೇಳದ ಕಾರಣ ಹಳೆಯ ಹಾಳೆಗಳನ್ನು ಇನ್ನೂ ಕೈಯಿಂದಲೇ ನಕಲು ತೆಗೆಯಬೇಕು. ಮುಗಿಯದ ಕೆಲಸವನ್ನು ಮನೆಗೂ ತರುತ್ತೇನೆ. ನನ್ನ ಕಸುಬಿನಲ್ಲಿ ಗೆರೆ ನೆಟ್ಟಗಿರಬೇಕು, ಅಷ್ಟೇ. ಚೆನ್ನಾಗಿದೆ ಎಂದು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಪರಿಶೀಲಕರು ಹಾಳೆಯ ಮೂಲೆಯಲ್ಲಿ 'ತಿದ್ದುಪಡಿ ಇಲ್ಲ' ಎಂದು ಬರೆದು ಪುಟ್ಟ ಸಹಿ ಹಾಕಿದರೆ ಅದೇ ಪದಕ, ಅದೇ ಸನ್ಮಾನ. ನನಗದು ಇಷ್ಟು ವರ್ಷಗಳಲ್ಲಿ ಮೂರು ಸಲ ಸಿಕ್ಕಿದೆ. ಮೂರೂ ದಿನಾಂಕಗಳು ನೆನಪಿವೆ. ಮದುವೆಯ ದಿನಾಂಕ ಕೇಳಿದರೆ ಮಾತ್ರ ಒಂದು ಕ್ಷಣ ಬೇಕಾಗುತ್ತದೆ. ಇದನ್ನು ತಾವು ಯಾರಿಗೂ ಹೇಳಬಾರದಾಗಿ ವಿನಂತಿ.

ನಮ್ಮ ಮನೆಯೂ ನನ್ನ ನಕ್ಷೆಯ ಹಾಗೆಯೇ ಇತ್ತು. ನಾಲ್ಕು ಕುರ್ಚಿ, ಒಂದು ಮೇಜು, ಬಿಳಿ ಗೋಡೆ. ಕಣ್ಣು ಮುಚ್ಚಿಕೊಂಡು ಕೈ ಚಾಚಿದರೆ ಕತ್ತರಿ ಸಿಗುತ್ತಿತ್ತು. ಇಂಥ ಮನೆಯ ಮೇಲೆ ಬರಸಿಡಿಲು ಎರಗಿದ್ದು ಒಬ್ಬ ಹಲ್ಲಿನ ಡಾಕ್ಟರ ಕಡೆಯಿಂದ.

ನನ್ನ ಹೆಂಡತಿ ಆ ಡಾಕ್ಟರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂತು ಹದಿನೇಳು ವರ್ಷ ರೋಗಿಗಳ ಹೆಸರು ಕೂಗಿದವಳು. ಒಂದು ಹೆಸರಿಗೂ ಮುಂದಿನ ಹೆಸರಿಗೂ ನಡುವೆ ಅವಳು ಅಲ್ಲಿನ ಮೇಜಿನ ಮೇಲಿದ್ದ ಮನೆ ಅಲಂಕಾರದ ಪತ್ರಿಕೆಗಳನ್ನು ಓದುತ್ತಿದ್ದಳಂತೆ. ಕಳೆದ ವರ್ಷ ಡಾಕ್ಟರು ವಯಸ್ಸಾಯಿತೆಂದು ಕ್ಲಿನಿಕ್ಕು ಮುಚ್ಚಿದರು, ಬೀಳ್ಕೊಡುಗೆಯಾಗಿ ಅಷ್ಟೂ ಪತ್ರಿಕೆಗಳನ್ನು ಆಟೋದಲ್ಲಿ ಹೇರಿ ಕಳಿಸಿದರು. ಆ ಪತ್ರಿಕೆಗಳ ತುಂಬ ಒಂದೇ ಮಾತು: ಮನೆಯೆಂದರೆ ಬೊಹೀಮಿಯನ್ ಆಗಿರಬೇಕು, ಅಂದರೆ ಬೆಚ್ಚಗೆ, ಬಣ್ಣಬಣ್ಣವಾಗಿ, ಯಾವ ವಸ್ತುವೂ ಇನ್ನೊಂದಕ್ಕೆ ಹೊಂದದ ಹಾಗೆ, ಮನೆಮಂದಿಯೆಲ್ಲ ಏನಾದರೊಂದು ಮಾಡುತ್ತಿರುವ ಹಾಗೆ. ಇದಾದರೂ ಸಹಿಸಬಹುದಿತ್ತು. ಆದರೆ ಹದಿನೇಳು ವರ್ಷಗಳಲ್ಲಿ ರೋಗಿಗಳು, ಕಿತ್ತ ಹಲ್ಲನ್ನು ಸುತ್ತಿಕೊಂಡು ಹೋಗಲೋ ಮಕ್ಕಳಿಗೆ ದೋಣಿ ಮಾಡಿಕೊಡಲೋ, ಪ್ರತಿ ಪತ್ರಿಕೆಯಿಂದಲೂ ಕೆಲವು ಹಾಳೆಗಳನ್ನು ಹರಿದುಕೊಂಡಿದ್ದರು. ಹೀಗಾಗಿ ನನ್ನ ಹೆಂಡತಿಗೆ ಯಾವ ಕಲೆಯೂ ಅರ್ಧಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಉಳಿದರ್ಧವನ್ನು ಅವಳು ಧೈರ್ಯದಿಂದ ತುಂಬಿಸಿದಳು.

ಕುರ್ಚಿಯ ಕಾಲು ಕತ್ತರಿಸಿ ನೆಲಕ್ಕೆ ಹತ್ತಿರವಾಗಿ ಕೂತರೆ ಮನಸ್ಸುಗಳೂ ಹತ್ತಿರವಾಗುತ್ತವೆ ಎಂಬುದು ಇಪ್ಪತ್ತೆರಡನೆಯ ಪುಟದಲ್ಲಿತ್ತು. ಎಷ್ಟು ಕತ್ತರಿಸಬೇಕೆಂಬುದು ಇಪ್ಪತ್ತಮೂರನೆಯ ಪುಟದಲ್ಲಿತ್ತು, ಆ ಪುಟ ಇರಲಿಲ್ಲ. ಈಗ ನಾಲ್ಕು ಕುರ್ಚಿಗಳೂ ನಾಲ್ಕು ದಿಕ್ಕಿಗೆ ವಾಲುತ್ತವೆ. ಅತ್ತೆಯವರು ಕೂರುವುದನ್ನು ಒಬ್ಬರೇ ಮಾಡಿಕೊಳ್ಳುತ್ತಾರೆ, ಏಳುವುದಕ್ಕೆ ಇಬ್ಬರು ಬೇಕು. ಛಾವಣಿಯಿಂದ ಬೆತ್ತದ ಉಯ್ಯಾಲೆ ಇಳಿಬಿಡುವ ಲೇಖನದಲ್ಲಿ ಗಂಟು ಹಾಕುವ ಚಿತ್ರ ಹರಿದಿತ್ತು. ಒಂದು ಭಾನುವಾರ ಟೀ ಕುಡಿಯಲು ಬಂದ ನಮ್ಮ ಪರಿಶೀಲಕರು ಅದರಲ್ಲಿ ಕೂತು, ಕಪ್ಪನ್ನು ಒಂದಿಷ್ಟೂ ತುಳುಕಿಸದೆ, ಅಧಿಕಾರಿಗೆ ತಕ್ಕ ಗಾಂಭೀರ್ಯದಿಂದ ನೆಲಕ್ಕೆ ಬಂದರು. ನನ್ನ ಆಫೀಸಿನ ಅಂಗಿಗಳು ದಿಂಬಿನ ಚೀಲಗಳಾದವು. ಜೇಬುಗಳನ್ನು ಹಾಗೇ ಬಿಟ್ಟಿದ್ದಾಳೆ, 'ಅದೇ ಚಂದ'ವಂತೆ. ಬೆಳಗ್ಗೆ ಪೆನ್ನು ಬೇಕಾದರೆ ನಾನು ದಿಂಬುಗಳನ್ನು ತಡಕುತ್ತೇನೆ.

ಹನ್ನೊಂದು ವರ್ಷದ ಮಗಳು ನಡುಮನೆಯ ಗೋಡೆಗೆ ಉದ್ದಕ್ಕೂ ಒಂದು ನದಿ ಬರೆದಳು. ನೀರಿನ ಇಲಾಖೆಯವನಾದ ನನಗೆ ಅದು ಏರಿನ ಕಡೆಗೆ ಹರಿಯುತ್ತಿದೆಯೆಂದು ಕೂಡಲೇ ಗೊತ್ತಾಯಿತು, ಹೇಳಿದೆ. ಅವಳು ಕುಂಚವನ್ನು ನನ್ನ ಕೈಗೇ ಕೊಟ್ಟು ಹೋದಳು. ಗತ್ಯಂತರವಿಲ್ಲದೆ ನಾನು ಬುಡದಲ್ಲಿ ಒಂದು ಪಂಪುಮನೆಯನ್ನೂ ನಡುವೆ ಎರಡು ವಾಲ್ವುಗಳನ್ನೂ ಬರೆದೆ. ಈಗ ನದಿ ಏರುವುದಕ್ಕೆ ಕಾರಣವಿದೆ.

ಇದಲ್ಲದೆ ಸಂಜೆ ಆರೂವರೆಯಿಂದ ಏಳೂವರೆಯವರೆಗೆ 'ಕೈಕೆಲಸದ ಗಂಟೆ' ಎಂಬುದು ಜಾರಿಗೆ ಬಂತು. ಫೋನುಗಳೆಲ್ಲ ಬುಟ್ಟಿಗೆ, ಮನುಷ್ಯರೆಲ್ಲ ಚಾಪೆಗೆ. ಅತ್ತೆಯವರು ಉಲ್ಲನ್ನಿನಲ್ಲಿ ಒಂದು ಕೊರಳಪಟ್ಟಿ, ಅಂದರೆ ಮಫ್ಲರು, ಹೆಣೆಯುತ್ತಿದ್ದಾರೆ. ಅದೀಗ ಸೋಫಾ ಸುತ್ತಿ ಅಡುಗೆಮನೆಯ ಹೊಸ್ತಿಲು ಮುಟ್ಟಿದೆ. ಯಾರಿಗೆ ಎಂದು ಕೇಳಿದರೆ, ತಕ್ಕ ಕತ್ತು ಸಿಕ್ಕಿದಾಗ ನಿಲ್ಲಿಸುತ್ತೇನೆ ಎಂದು ನನ್ನ ಕಡೆ ನೋಡುತ್ತಾರೆ. ನಾನು ಏನೂ ಬಾರದೆ ಪೆನ್ಸಿಲ್ ಚೂಪು ಮಾಡುತ್ತ ಕೂರುತ್ತಿದ್ದೆ. ಆ ಸಿಪ್ಪೆಗಳನ್ನು ಅಂಟಿಸಿ ಮಗಳು ಒಂದು ಗೂಬೆ ಮಾಡಿದಳು. ಅದು ನನ್ನ ಕೃತಿಯೆಂದು ಗೋಡೆಯ ಮೇಲಿದೆ.

ಮತ್ತು ನನ್ನ ಹೆಂಡತಿ, ಮಾನ್ಯರೇ, ಮಣ್ಣಿಗೆ ಕೈ ಹಾಕಿದಳು.

ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಸೋಸಿ, ನಾದಿ, ಹದ ಮಾಡಿದ ಮಣ್ಣು, ಮೇಲೆ ಒದ್ದೆ ಗೋಣಿಚೀಲ. ಮಿಕ್ಕ ಕೆಲಸಗಳೆಲ್ಲ ಪತ್ರಿಕೆ ಹೇಳಿತೆಂದು ಮಾಡಿದವು. ಇದು ಮಾತ್ರ ಹಾಗಿರಲಿಲ್ಲವೆಂದು ನನಗೆ ನಿಧಾನವಾಗಿ ತಿಳಿಯಿತು. ಮಣ್ಣು ಹಿಡಿದಾಗ ಅವಳು ಯಾರ ಹೆಸರನ್ನೂ ಕೂಗುವಂತಿರಲಿಲ್ಲ, ಯಾರು ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಫಲಿತಾಂಶದ ಬಗ್ಗೆ ಹೇಳುವುದಾದರೆ, ಮೊದಲ ಹೂದಾನಿಗೆ ನೀರೆರೆದು ಹೂವಿಟ್ಟೆವು. ಬೆಳಗಾಗುವಷ್ಟರಲ್ಲಿ ಹೂವು ಕೆಸರಿನಲ್ಲಿ ಮಲಗಿತ್ತು. ಮಡಕೆಯನ್ನು ಸುಡಬೇಕೆಂಬ ಪುಟವೂ ಹರಿದಿತ್ತು. ಆಮೇಲಿನವುಗಳಲ್ಲಿ ಮೂರು ಬದುಕಿ ಶೆಲ್ಫು ಸೇರಿದವು. ಒಂದು ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟಂತೆ ವಾಲಿತ್ತು. ಇನ್ನೊಂದಕ್ಕೆ ಬುಡದಿಂದ ಬಾಯಿಯವರೆಗೆ ಬಿರುಕು. ಮೂರನೆಯದು ಹೂಜಿಯಾಗಿ ಹುಟ್ಟಿ, ಬಟ್ಟಲಾಗಿ ಬೆಳೆದು, ತಟ್ಟೆಯಾಗಿ ಮುಪ್ಪಾಗಿ, ಸೋಪಿಡುವುದಕ್ಕೆ ಲಾಯಕ್ಕು ಎಂಬಲ್ಲಿಗೆ ನಿಂತಿತ್ತು.

ಹೇಗಿದೆ ಎಂದು ಅವಳು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಆದರೆ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ಶೆಲ್ಫಿನ ಹತ್ತಿರ ಹೋಗಿ, ಒಂದೊಂದನ್ನೇ ಎತ್ತಿ, ಅಡಿಯ ಧೂಳು ಒರೆಸಿ, ಅಲ್ಲೇ ಇಡುತ್ತಿದ್ದಳು. ಒಂದು ತಿಂಗಳು ಹೀಗೇ ನಡೆಯಿತು. ಕೊನೆಗೆ ಅತ್ತೆಯವರು ಹೆಣಿಗೆಯಿಂದ ತಲೆಯೆತ್ತದೆ, ಒಂದು ಒಳ್ಳೆಯ ಮಾತಿಗೆ ಸುಂಕ ಕಟ್ಟಬೇಕಾಗಿಲ್ಲ ಎಂದು ಗೋಡೆಯ ನದಿಗೆ ಹೇಳಿದರು. ನದಿಗೆ ಅರ್ಥವಾಯಿತೋ ಇಲ್ಲವೋ, ನನಗಾಯಿತು. ಮಾರನೆಯ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ತುಟಿ ಅಲುಗಿಸುತ್ತ, ಹೊಗಳುವುದನ್ನು ಅಭ್ಯಾಸ ಮಾಡಿಕೊಂಡೇ ಮನೆಗೆ ಬಂದೆ. ಅದು ಬುಧವಾರ. ತಮಗೂ ನೆನಪಿರಬೇಕು.

ಶೆಲ್ಫಿನ ಮುಂದೆ ನಿಂತೆ. ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, ಕಸುಬಿನ ರೂಢಿಯಂತೆ ಹತ್ತಿರಕ್ಕೆ ಬಗ್ಗಿ ನೋಡಿದೆ. ವಾಲಿದ್ದು, ಬಿರಿದಿದ್ದು, ಸೋಪಿನದು. ಮತ್ತು ಅವುಗಳ ಪಕ್ಕದಲ್ಲಿ, ಬಲತುದಿಯಲ್ಲಿ, ನಿನ್ನೆ ಇರದಿದ್ದ ನಾಲ್ಕನೆಯದು. ಹೆಬ್ಬೆರಳ ತುದಿಯಷ್ಟು ಗಾತ್ರ. ದುಂಡು ಹೊಟ್ಟೆ, ಕಿರಿದಾದ ಕತ್ತು, ಕತ್ತಿನ ಮೇಲೆ ಹೊರಕ್ಕೆ ಮಡಿಚಿದ ತೆಳ್ಳನೆಯ ಅಂಚು. ಕಂಪಾಸು ಇಟ್ಟು ನೋಡಿದರೂ ಕೂದಲೆಳೆಯ ತಪ್ಪು ಸಿಗದ ವೃತ್ತ. ಮಾನ್ಯರೇ, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಬಾಯಿಂದ ಹೊಗಳಿಕೆ ತಾನಾಗಿಯೇ ಹೊರಟಿತು. ಹೆಂಡತಿಯನ್ನು ಕೂಗಿ ಕರೆದೆ.

"ಇದನ್ನ ನೋಡು. ಇದರ ಕತ್ತು ನೋಡು, ಅಂಚು ನೋಡು. ಇಷ್ಟು ದಿನ ಮಾಡಿದ್ದೆಲ್ಲ ಬರೀ ಅಭ್ಯಾಸ, ಬಿಡು. ಕೊನೆಗೂ ನಿಂಗೆ ಕೈ ಕೂತಿತು ಕಣೇ."

ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಅವಳ ಮುಖದಲ್ಲಿ ಏನೋ ಅರಳುತ್ತಿತ್ತು, ಏನೋ ಗೊಂದಲವೂ ಇತ್ತು. ಸರಿಯಾಗಿ ಅದೇ ಗಳಿಗೆಯಲ್ಲಿ ತಾವು ಬಾಲ್ಕನಿಯ ಬಾಗಿಲಿನಿಂದ ಒಂದು ಹಸಿರು ಹುಳವನ್ನು ಕಾಲುಗಳ ನಡುವೆ ಹಿಡಿದು ಬಂದು, ನಮ್ಮಿಬ್ಬರ ಮೂಗಿನ ಕೆಳಗೇ ಇಳಿದು, ನಾನು ಇಷ್ಟು ಹೊತ್ತು ಹೊಗಳಿದ ಆ ಕತ್ತಿನೊಳಗೆ ಅದನ್ನು ತಲೆ ಮುಂದಾಗಿ ತುರುಕಿ, ಎರಡು ಸಲ ಒತ್ತಿ, ಮೀಸೆ ಒರೆಸಿಕೊಂಡು ಹಾರಿಹೋದಿರಿ.

ಅತ್ತೆಯವರು ಹೆಣಿಗೆ ಕೆಳಗಿಟ್ಟರು.

"ಮದುವೆಯಾದ್ಮೇಲೆ ಹೊಗಳೋಕೆ ಇಪ್ಪತ್ತೊಂದು ವರ್ಷ ತಗೊಂಡ್ರಿ, ಅಳಿಯಂದಿರೇ. ಇನ್ನೊಂದು ನಿಮಿಷ ತಗೊಂಡಿದ್ರೆ ಏನು ಗಂಟು ಹೋಗ್ತಿತ್ತು?"

ನನ್ನ ಹೆಂಡತಿ ನಗಲಿಲ್ಲ, ರೇಗಲೂ ಇಲ್ಲ. "ಹೌದು, ಚೆನ್ನಾಗೇ ಇದೆ" ಎಂದಷ್ಟೇ ಹೇಳಿ ಬಾಲ್ಕನಿಗೆ ಹೋದಳು. ಟಬ್ಬಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಆಮೇಲೆ ಅದರ ಮೇಲೆ ಇಟ್ಟಿಗೆ ಹೇರಿದ ಸದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಹತ್ತು ಸಲ ಬರೆದಿದ್ದೆ, ಆದರೆ ದೊಣ್ಣೆ ನನ್ನ ಬಾಯೊಳಗೇ ಇದೆಯೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಹಾನಿಯ ವಿವರಗಳು ಈ ಕೆಳಕಂಡಂತಿವೆ. ಗುರುವಾರ ಅವಳು ಪತ್ರಿಕೆಗಳನ್ನೆಲ್ಲ ಜೋಡಿಸಿ ಹುರಿಯಿಂದ ಕಟ್ಟಿದಳು. ಶುಕ್ರವಾರ ಬಡಗಿಗೆ ಫೋನ್ ಮಾಡಿ ಕುರ್ಚಿಯ ಕಾಲುಗಳಿಗೆ ತುಂಡು ಸೇರಿಸಲು ಬರುತ್ತೀರಾ ಎಂದು ವಿಚಾರಿಸಿದಳು. ಕೈಕೆಲಸದ ಗಂಟೆಯಲ್ಲಿ ಒಣಗಿದ ಬಟ್ಟೆ ಮಡಿಚಿದಳು, ಅಂಚಿಗೆ ಅಂಚು ಸೇರಿಸಿ, ನನ್ನ ಅಮ್ಮನೂ ಮೆಚ್ಚುವ ಹಾಗೆ. ಹಳೆಯ ಮನೆ ಒಂದೊಂದೇ ಗೆರೆಯಾಗಿ ವಾಪಸು ಬರುತ್ತಿತ್ತು. ನಾನು ಹಿಗ್ಗಬೇಕಿತ್ತು. ಮೂರು ದಿನ ಸತತವಾಗಿ ಕತ್ತರಿ ಮೊದಲ ಯತ್ನಕ್ಕೇ ಕೈಗೆ ಸಿಕ್ಕಿತು. ಆದರೆ ಅದನ್ನು ಹಿಡಿದುಕೊಂಡು ನಿಂತರೆ ಕತ್ತರಿಸುವುದಕ್ಕೆ ಮನೆಯಲ್ಲಿ ಏನೂ ಇರಲಿಲ್ಲ.

ರಿಪೇರಿಗೆ ಪ್ರಯತ್ನಿಸಲಿಲ್ಲವೆಂದು ತಾವು ಭಾವಿಸಬಾರದು. ಉಳಿದ ಮೂರನ್ನೂ ಹೊಗಳಿದೆ. ವಾಲಿದ್ದರಲ್ಲಿ ವಿನಯವಿದೆ ಎಂದೆ, ಬಿರುಕಿನಲ್ಲಿ ನದಿಯ ಸೊಬಗಿದೆ ಎಂದೆ. ಸೋಪಿನ ತಟ್ಟೆಯ ಬಗ್ಗೆ ಎಷ್ಟು ಮಾತಾಡಿದೆನೆಂದರೆ ಮಗಳೇ ಬಂದು ಅಂಗಿ ಜಗ್ಗಿ, ಅಪ್ಪಾ ಸಾಕು, ಅದು ಸೋಪಿಂದು, ಎಂದು ಎಚ್ಚರಿಸಬೇಕಾಯಿತು. ತಪ್ಪು ವಿಳಾಸಕ್ಕೆ ಹೋದ ಕಾಗದವನ್ನು ಹೆಸರು ಹೊಡೆದು ಇನ್ನೊಬ್ಬರಿಗೆ ಕಳಿಸಿದರೆ ಅವರು ಹೇಗೆ ಓದುತ್ತಾರೋ ಹಾಗೆಯೇ ನನ್ನ ಹೆಂಡತಿ ಅದನ್ನೆಲ್ಲ ಕೇಳಿಸಿಕೊಂಡಳು.

ಈ ನಡುವೆ ಮಗಳು ಒಂದು ತನಿಖೆ ನಡೆಸಿದಳು. ತಾವು ಬುಧವಾರಕ್ಕಿಂತ ಮೊದಲೇ ಬಾಲ್ಕನಿಯಲ್ಲಿ ಓಡಾಡುತ್ತಿದ್ದುದನ್ನು ಅವಳು ಕಂಡು, ಹುಳುಹುಪ್ಪಟೆಗಳ ಟಿಪ್ಪಣಿಗೆಂದೇ ಇಟ್ಟ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದರ ಪ್ರಕಾರ ತಾವು ಮಣ್ಣಿಗಾಗಿ ಹೊರಗೆಲ್ಲೂ ಹೋಗಿಲ್ಲ. ಗೋಣಿಚೀಲದ ಅಂಚಿನಿಂದ ನುಸುಳಿ, ನನ್ನ ಹೆಂಡತಿ ನಾದಿಟ್ಟ ಮಣ್ಣಿನಿಂದಲೇ ಇಪ್ಪತ್ತಾರು ಉಂಡೆ ಎತ್ತಿದ್ದೀರಿ. ಇದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ, ತಮ್ಮ ಘನತೆಯ ದೃಷ್ಟಿಯಿಂದ ಅದನ್ನು ಬಳಸುತ್ತಿಲ್ಲ. ನಾನು ಈ ಸಾಕ್ಷ್ಯವನ್ನು ಹಿಡಿದು ಅಡುಗೆಮನೆಗೆ ಓಡಿದೆ. ಹದ ನಿನ್ನದು, ನಾದಿದ್ದು ನೀನು, ಆದ್ದರಿಂದ ಆ ಮಡಕೆಯಲ್ಲಿ ನಿನ್ನ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲ, ನನ್ನ ಹೊಗಳಿಕೆಯಲ್ಲೂ ಅಷ್ಟೇ ಎಂದು ವಾದಿಸಿದೆ.

"ಮಣ್ಣು ನಂದು ಅಂತ ಮಡಕೆ ನಂದಾಗುತ್ತೇನ್ರೀ?" ಎಂದಳು. "ಹಾಗಾದ್ರೆ ನಿಮ್ಮ ನಕ್ಷೆಯೆಲ್ಲ ಕಾಗದದ ಅಂಗಡಿಯವನದು."

ವಾದದಲ್ಲಿ ನಾನು ಎಂದೂ ಗೆದ್ದವನಲ್ಲ. ಆದ್ದರಿಂದ ತಮ್ಮನ್ನೇ ಕೇಳಿಕೊಳ್ಳುವುದೆಂದು ನಿರ್ಧರಿಸಿದೆ. ಮಗಳು ಹೂವು ಮಾಡಿದ ಆ ಮೊದಲ ಚೀಟಿಯಲ್ಲಿ ಇದ್ದ ಬೇಡಿಕೆಗಳು ಬಹಳ ಸರಳವಾಗಿದ್ದವು. ತಾವು ದಯವಿಟ್ಟು ಒಂದೇ ಒಂದು ಕೆಟ್ಟ ಮಡಕೆ ಮಾಡಿ ತೋರಿಸಬೇಕು. ಅದು ಸಾಧ್ಯವಿಲ್ಲದಿದ್ದರೆ, ಇಷ್ಟು ಚೆನ್ನಾಗಿ ಮಾಡುವ ಮೊದಲು ಎಷ್ಟು ಕೆಡಿಸಿದ್ದೀರಿ ಎಂಬ ಪಟ್ಟಿಯನ್ನಾದರೂ ಶೆಲ್ಫಿಗೆ ಅಂಟಿಸಬೇಕು. ಇನ್ನು ಮುಂದೆ ತಮ್ಮ ಕೃತಿಗಳಿಗೆ ಸಹಿ ಹಾಕಬೇಕು, ಅಥವಾ ಹೊಗಳುವವರು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು ಇದು ನನ್ನದು ಎಂದು ಗುಂಯ್‌ಗುಡಬೇಕು. ತಾವು ಕಲಾವಿದೆ, ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸ ಕಲಾವಿದರಿಗಿಲ್ಲವೆಂದು ನನಗೂ ಗೊತ್ತು. ಆದರೂ, ತಾವು ಮೊದಲನೆಯ ಬೇಡಿಕೆಯನ್ನು ಈಡೇರಿಸಿದ ರೀತಿಗೆ ನಾನು ಸಿದ್ಧನಿರಲಿಲ್ಲ.

ಮೊಟ್ಟೆಯೂ ಅದರ ಬುತ್ತಿಯೂ ಒಳಗಿದ್ದ ಶೆಲ್ಫಿನ ಮಡಕೆಯ ಬಾಯನ್ನು ಮೊಹರು ಮಾಡಿದ ಮೇಲೆ ತಾವು ಎರಡನೆಯದನ್ನು ನನ್ನ ಮೇಜಿನ ಮೇಲೆ, ಮೊಳೆಗೆ ತೂಗುಹಾಕಿದ್ದ ಸೆಟ್ ಸ್ಕ್ವೇರಿನ ಅಂಚಿನಲ್ಲಿ ಶುರುಮಾಡಿದ್ದಿರಿ. ಇಡೀ ಮನೆಯಲ್ಲಿ ಉಳಿದಿದ್ದ ಏಕೈಕ ಲಂಬಕೋನದ ಮೇಲೆ. ಹೊಟ್ಟೆ ಅರ್ಧ ಎದ್ದಿತ್ತು, ಅಷ್ಟರಲ್ಲಿ ಟಬ್ಬಿನ ಹೊರಗೆ ಚೆಲ್ಲಿದ್ದ ಹಸಿ ಮಣ್ಣು ಮುಗಿಯಿತು; ಒಳಗಿನದರ ಮೇಲೆ ಬುಧವಾರದಿಂದಲೇ ಮುಚ್ಚಳವಿತ್ತು. ಶನಿವಾರವಿಡೀ ತಾವು ಬರಿಬಾಯಲ್ಲಿ ಬಂದು ಆ ಇಟ್ಟಿಗೆಯ ಸುತ್ತ ಸುತ್ತಿದಿರಿ. ಮುಚ್ಚಳದ ಅಂಚಿನುದ್ದಕ್ಕೂ ನಡೆದು ನೋಡಿದಿರಿ. ಮೇಜಿಗೆ ಬಂದಿರಿ, ಅರ್ಧ ಮಡಕೆಯೊಳಗೆ ತಲೆ ಹಾಕಿದಿರಿ, ಮತ್ತೆ ಟಬ್ಬಿಗೆ ಹೋದಿರಿ. ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ಅತ್ತೆಯವರು ನಮ್ಮಿಬ್ಬರನ್ನೂ ನೋಡುತ್ತ, ಹೆಣಿಗೆಯಲ್ಲಿ ಒಂದು ಕುಣಿಕೆ ತಪ್ಪಿಸಿ, ಬಿಚ್ಚಿ, ಮತ್ತೆ ಹೆಣೆದರು.

ಭಾನುವಾರ ಬೆಳಗ್ಗೆ ಅವಳು ನನ್ನ ಭೂತಗನ್ನಡಿ ತೆಗೆದುಕೊಂಡು ಮೇಜಿನ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ, ಕ್ಲಿನಿಕ್ಕಿನಲ್ಲಿ ಯಾರಿಗೂ ಕೇಳಿಸಬಾರದ ಸಂಗತಿಯನ್ನು ಹೇಳುವ ತಗ್ಗಿದ ದನಿಯಲ್ಲಿ, "ರೀ, ಇದು ವಕ್ರ ಆಗಿದೆ" ಎಂದಳು.

ನಾನೂ ಬಗ್ಗಿ ನೋಡಿದೆ. ಆಗಿತ್ತು, ಮಾನ್ಯರೇ. ಸೆಟ್ ಸ್ಕ್ವೇರಿನ ಜಾರುವ ಪ್ಲಾಸ್ಟಿಕ್ಕಿಗೆ ಮಣ್ಣು ಹಿಡಿಯದೆ ತಮ್ಮ ಮಡಕೆ ಎಡಕ್ಕೆ ವಾಲಿತ್ತು, ಥೇಟು ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟ ಹಾಗೆ. ಅವಳ ಮುಖ ನೋಡಿದೆ. ಶತ್ರುವಿನ ಸೋಲು ಕಂಡವಳ ಮುಖ ಅದಾಗಿರಲಿಲ್ಲ. ದೂರದ ಊರಿನಲ್ಲಿ ಹಠಾತ್ತನೆ ತನ್ನ ಭಾಷೆ ಮಾತಾಡುವವರು ಸಿಕ್ಕಿದವಳ ಮುಖ ಅದಾಗಿತ್ತು. "ಪಾಪ, ಅರ್ಧಕ್ಕೆ ಬಿಟ್ಟರೆ ಹೇಗೆ" ಎಂದುಕೊಂಡು ಬಾಲ್ಕನಿಗೆ ಹೋದಳು. ಯಾರ ಬಗ್ಗೆ ಹೇಳಿದಳೆಂದು ನಾನು ಕೇಳಲಿಲ್ಲ. ಬುಧವಾರದಿಂದ ನಾನು ಸ್ವಲ್ಪ ಜಾಣನಾಗಿದ್ದೆ. ಇಟ್ಟಿಗೆ ಇಳಿಯಿತು. ಮುಚ್ಚಳ ತೆರೆಯಿತು. ಒಣಗಿ ಬಿರಿದಿದ್ದ ಮಣ್ಣಿಗೆ ತಮಗೋಸ್ಕರ ಅವಳು ಒಂದು ಚೊಂಬು ನೀರು ಚಿಮುಕಿಸಿದಳು. ಬರೀ ಚಿಮುಕಿಸಿದರೆ ಹದ ಬರುವುದಿಲ್ಲ, ಆದ್ದರಿಂದ ಒಂದು ಕೈ ಹಾಕಿ ಕಲೆಸಿದಳು. ಒಂದು ಕೈಯಲ್ಲಿ ಆಗುವ ಕೆಲಸ ಅದಲ್ಲ, ಆದ್ದರಿಂದ ಇನ್ನೊಂದನ್ನೂ ಹಾಕಿದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಅವಳಿಗೆ ಕೇಳಿಸಲಿಲ್ಲ. ನಾವು ಮೂವರೂ ಸದ್ದು ಮಾಡದೆ ಊಟ ಮಾಡಿ ತಟ್ಟೆ ತೊಳೆದಿಟ್ಟೆವು.

ಸಂಜೆಗೆ ಶೆಲ್ಫಿನ ಮೇಲೆ ಒಂದು ಹೊಸ ಗಡಿಗೆ ಕೂತಿತ್ತು. ನಾಲ್ಕು ದಿನ ಒಣಗಿತು. ಹೊಟ್ಟೆ ದುಂಡಗಿದೆ, ಕತ್ತನ್ನು ತಮ್ಮಿಂದ ಕದ್ದಿದ್ದಾಳೆ, ಇಪ್ಪತ್ತಾರು ಉಂಡೆಗೆ ಅದು ಲೆಕ್ಕ ಚುಕ್ತಾ ಎಂದುಕೊಳ್ಳಿ, ಅಂಚು ಹೊರಕ್ಕೆ ಮಡಿಚಿದೆ, ಅಲ್ಲಲ್ಲಿ ಬೆರಳಿನ ಗುರುತಿದೆ. ಮತ್ತು ಬಲಕ್ಕೆ ವಾಲಿದೆ. ಅವಳು ಸ್ನಾನಕ್ಕೆ ಹೋದಾಗ ಗಡಿಗೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ, ನಕ್ಷೆಯ ಪೆನ್ನಿನಿಂದ, ಕಪ್ಪು ಇಂಕಿನಲ್ಲಿ, ಅದರ ಅಡಿಗೆ ಎರಡು ಶಬ್ದ ಬರೆದು ಪುಟ್ಟ ಸಹಿ ಹಾಕಿ ಇಟ್ಟೆ: 'ತಿದ್ದುಪಡಿ ಇಲ್ಲ'.

ಮರುದಿನ ನಾನು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ಅವಳು ಧೂಳು ಒರೆಸಲು ಅದನ್ನೆತ್ತಿದಳು. ಓದಿದಳು. ಈ ಎರಡು ಶಬ್ದಕ್ಕೆ ನಾನು ಎಷ್ಟು ವರ್ಷ ಬಾಯಿಬಿಟ್ಟು ಕಾದಿದ್ದೇನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದು ಸಿಕ್ಕಿದ ಆ ಮೂರು ದಿನಗಳಲ್ಲೂ ಸಿಹಿ ತಂದು ಅವಳ ಕೈಗೇ ಕೊಟ್ಟಿದ್ದೆ.

"ವಕ್ರ ಇದೆಯಲ್ರೀ" ಎಂದಳು.

ಇದೆ, ಎಂದೆ. ಅದು ನೆಟ್ಟಗಿದೆಯೆಂದು ನಾನು ಎಲ್ಲಿಯೂ ಬರೆದಿಲ್ಲ. ತಿದ್ದಬಾರದೆಂದು ಬರೆದಿದ್ದೇನೆ.

ಅವಳು ಗಡಿಗೆಯನ್ನು ಶೆಲ್ಫಿನ ನಟ್ಟನಡುವೆ ಬೋರಲಾಗಿ ಇಟ್ಟಳು, ಬರಹ ಮೇಲಕ್ಕೆ ಕಾಣುವ ಹಾಗೆ. ಅದೀಗ ಹಾಗೆಯೇ ಇದೆ. ಹೂವಿಡುವಂತಿಲ್ಲ, ನೀರು ಹಾಕುವಂತಿಲ್ಲ, ಕತ್ತೂ ಅಂಚೂ ಕಾಣುವುದಿಲ್ಲ; ಬಂದವರೆಲ್ಲ ಇದೇನು ಗಂಟೆಯೋ ಟೋಪಿಯೋ ಎಂದು ಕೇಳುತ್ತಾರೆ. ಪತ್ರಿಕೆಗಳ ಹುರಿ ಬಿಚ್ಚಿದೆ. ಬಡಗಿಗೆ ಫೋನ್ ಮಾಡಿ ಬರಬೇಡಿ ಎಂದವನು ನಾನೇ.

ಇಷ್ಟಾದರೂ ನನ್ನ ದೂರು ಹಿಂದಕ್ಕೆ ಪಡೆದಿಲ್ಲವೆಂದು ತಾವು ಗಮನಿಸಬೇಕು. ತಾವು ಮುಗಿಸಿ ಮೊಹರು ಮಾಡಿದ ಆ ವಕ್ರ ಮಡಕೆಯಲ್ಲಿ ತಮ್ಮ ಮಗು ಇರುವುದರಿಂದ ಸೆಟ್ ಸ್ಕ್ವೇರನ್ನು ಮೊಳೆಯಿಂದ ಇಳಿಸಕೂಡದು, ಅಲುಗಿಸಕೂಡದು, ಅದರ ಹತ್ತಿರ ಸೀನಕೂಡದು ಎಂದು ಮೂರು ಹೆಂಗಸರು ಸೇರಿ ಆಜ್ಞೆ ಹೊರಡಿಸಿದ್ದಾರೆ. ನಾನು ಬರಿಗೈಯಲ್ಲಿ ಗೆರೆ ಎಳೆಯುತ್ತಿದ್ದೇನೆ. ಕಳೆದ ವಾರ ಪರಿಶೀಲಕರು ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು, ಈ ಕೊಳವೆ ಇಲ್ಲಿ ಯಾಕೆ ಸ್ವಲ್ಪ ಬಳುಕಿದೆ ಎಂದು ಕೇಳಿದರು. ಉಯ್ಯಾಲೆಯ ವಿಷಯ ಅವರು ಮರೆತಿರಲಾರರು ಎಂಬ ಭಯವಿತ್ತು, ಆದರೂ ಬಾಯಿಂದ ಬಂದೇಬಿಟ್ಟಿತು: ಹಾಗೇ ಚಂದ ಅಲ್ಲವೇ ಸಾರ್, ಎಂದೆ. ಕೀಟವನ್ನು ಗೂಡಿನಲ್ಲಿಟ್ಟು ಭ್ರಮರ ಸುತ್ತಲೂ ಗುಂಯ್‌ಗುಡುತ್ತಿದ್ದರೆ, ಅದನ್ನೇ ನೆನೆನೆನೆದು ಕೀಟವೂ ಕೊನೆಗೆ ಭ್ರಮರವೇ ಆಗಿಬಿಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮಗಳ ಪುಸ್ತಕದ ಪ್ರಕಾರ ಅದೆಲ್ಲ ಸುಳ್ಳು, ಒಳಗಿಟ್ಟ ಹುಳ ಭ್ರಮರವಾಗುವುದಿಲ್ಲ, ಊಟವಾಗುತ್ತದೆ. ನನ್ನ ಮಟ್ಟಿಗೆ ಎರಡೂ ನಿಜವಾಗುತ್ತಿರುವಂತಿದೆ.

ಆದ್ದರಿಂದ ತಮ್ಮಲ್ಲಿ ಅಂತಿಮ ವಿನಂತಿ. ಮಗು ಹಾರಿಹೋದ ಮೇಲೆ ದಯವಿಟ್ಟು ಸೆಟ್ ಸ್ಕ್ವೇರನ್ನು ಬಿಟ್ಟುಕೊಡಿ. ಮುಂದಿನ ಮಡಕೆಯನ್ನು ಮನೆಯಲ್ಲಿ ಎಲ್ಲಿ ಬೇಕಾದರೂ ಮಾಡಿ, ನನ್ನ ಕನ್ನಡಕದ ಮೇಲಾದರೂ ಸರಿ; ಆದರೆ ಮನೆ ಬಿಟ್ಟು ಮಾತ್ರ ಹೋಗಬೇಡಿ. ಟಬ್ಬಿಗೆ ಬೆಳಗ್ಗೆ ಸಂಜೆ ನೀರು ಚಿಮುಕಿಸಲಾಗುತ್ತಿದೆ. ಗೋಣಿಚೀಲದ ಎಡ ಅಂಚನ್ನು ತಮಗೆಂದೇ ಮಡಿಚಿಟ್ಟಿದ್ದಾಳೆ.

ವಿಶ್ವಾಸವಿಟ್ಟು ಕೆಟ್ಟರೂ ವಿಶ್ವಾಸ ಬಿಡದ,
ತಮ್ಮ ವಿಶ್ವಾಸಿ,
ಶೆಲ್ಫಿನ ಮುಂದೆ ಬಾಯಿ ತೆರೆದವನು

ವಿ.ಸೂ.: ತಮ್ಮ ಮೊದಲನೆಯ ಮಡಕೆಯಿಂದ ಮಗು ಇಂದು ಬೆಳಗ್ಗೆ ಪಕ್ಕೆಯಲ್ಲಿ ತೂತು ಕೊರೆದು ಹೊರಬಂದು, ನಮ್ಮ ನದಿಯ ಮೇಲೆ ಸ್ವಲ್ಪ ಹೊತ್ತು ಕೂತು, ಪಂಪುಮನೆಯ ಕಡೆಯಿಂದ ಹಾರಿಹೋಯಿತು. ನನ್ನ ಹೆಂಡತಿ ಖಾಲಿ ಮಡಕೆಯನ್ನು ಎತ್ತಿ, ಆ ತೂತಿನೊಳಗಿಂದ ಕಿಟಕಿಯ ಬೆಳಕನ್ನು ನೋಡಿ, "ಇದರಲ್ಲೂ ನೀರು ನಿಲ್ಲಲ್ಲ" ಎಂದು ಪರಮ ಸಂತೋಷದಿಂದ ಅಭಿಪ್ರಾಯಪಟ್ಟಿದ್ದಾಳೆ. ಈ ಮನೆಯಲ್ಲಿ ಇನ್ನು ಮುಂದೆ ಏನನ್ನೇ ಹೊಗಳುವ ಮೊದಲು ಕಾಲು ಗಂಟೆ ಕಾದು, ಯಾರೂ ಬಂದು ಅದರೊಳಗೆ ಹುಳ ತುರುಕುವುದಿಲ್ಲವೆಂದು ಖಾತ್ರಿಪಡಿಸಿಕೊಳ್ಳತಕ್ಕದ್ದು ಎಂಬ ನಿಯಮವನ್ನು ಅತ್ತೆಯವರು ಜಾರಿಗೊಳಿಸಿದ್ದಾರೆ. ಕೊರಳಪಟ್ಟಿ ನಿಂತಿದೆ, ತಕ್ಕ ಕತ್ತು ಸಿಕ್ಕಿತಂತೆ. ಈ ಸೆಕೆಯಲ್ಲಿ ಅದನ್ನು ಎಂಟು ಸುತ್ತು ಸುತ್ತಿಕೊಂಡು ಈ ಕೊನೆಯ ಸಾಲು ಬರೆಯುತ್ತಿದ್ದೇನೆ.